ಸಾರಕ್ಕಿಯ ಮನೆಯಲ್ಲಿ ಬೆಳಕು ನಿಂತ ಜಾಗ

2023ರ ನವೆಂಬರ್ ಮೊದಲ ವಾರ, ದೀಪಾವಳಿಗೆ ಇನ್ನೂ ಕೆಲವು ದಿನಗಳಿರುವಾಗ, ಸಾರಕ್ಕಿಯ ಹಳೇ ಊರಿನ ಒಂದು ಎರಡಂತಸ್ತಿನ ಮನೆಯಿಂದ ಒಂದೇ ದೂರು ಮೂರನೆಯ ಸಲ ಬಂತು. ಆ ಮನೆಗೆ ನಾವು ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿ ಎರಡು ತಿಂಗಳಾಗಿರಲಿಲ್ಲ. ದೂರಿನ ಒಕ್ಕಣೆ ಮೂರು ಸಲವೂ ಬದಲಾಗಿರಲಿಲ್ಲ: ‘ಮಹಡಿ ಮನೆಯ ರೌಟರ್ ಆಗಾಗ ನಿಲ್ಲುತ್ತದೆ.’

ನಾನು ಆಗ ಬನಶಂಕರಿ ಎರಡನೇ ಹಂತದಲ್ಲಿದ್ದ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಫೀಲ್ಡ್ ವಿಭಾಗದ ಮೇಲ್ವಿಚಾರಕನಾಗಿದ್ದೆ. ಅದಕ್ಕೂ ಮೊದಲು ಬಹಳ ವರ್ಷ ಒಂದು ದಿನಪತ್ರಿಕೆಯ ಸಂವಹನ ವಿಭಾಗದಲ್ಲಿ ಕೆಲಸ ಮಾಡಿದವನು. ಟೆಲಿಪ್ರಿಂಟರ್, ಮೋಡೆಮ್, ಆಮೇಲೆ ಸರ್ವರ್, ಇವೆಲ್ಲ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಪಕ್ಕದಲ್ಲೇ ಸುದ್ದಿಮನೆ. ಅಲ್ಲಿನ ಮುಖ್ಯ ಉಪಸಂಪಾದಕರೊಬ್ಬರು ಹೊಸ ವರದಿಗಾರರಿಗೆ ಹೇಳುತ್ತಿದ್ದ ಒಂದು ಮಾತು ನನಗೂ ಅಂಟಿಕೊಂಡಿತ್ತು: ‘ಯಾಕೆ ಅನ್ನೋದನ್ನ ಕಡೇಲಿ ಕೇಳು. ಯಾವಾಗಿನಿಂದ ಅನ್ನೋದನ್ನ ಮೊದಲು ಕೇಳು.’

ಆ ದಿನ ಬೆಳಿಗ್ಗೆ ನಾನೇ ಹೊರಟೆ. ಜೊತೆಗೆ ಇಮ್ರಾನ್ ಬಂದರು. ಫೈಬರ್ ಎಳೆಗಳನ್ನು ಬೆಸೆಯುವುದರಲ್ಲಿ ನಮ್ಮಲ್ಲಿ ಎಲ್ಲರಿಗಿಂತ ಅನುಭವಿ. ಸೆಪ್ಟೆಂಬರಿನಲ್ಲಿ ಆ ಮನೆಗೆ ಸಂಪರ್ಕ ಕೊಟ್ಟವರೂ ಅವರೇ. ಹಿಂದಿನ ಎರಡು ದೂರುಗಳಿಗೆ ಹೋಗಿದ್ದವರು ಬೇರೆ. ಅವರು ಮಹಡಿಗೆ ಹತ್ತಿ ವೈ-ಫೈ ಚಾನೆಲ್ ಬದಲಿಸಿದ್ದರು, ಅದು ಸಾಲದೆ ರೌಟರನ್ನೇ ಬದಲಿಸಿದ್ದರು, ಎರಡನೆಯ ಸಲ ರೌಟರಿನಿಂದ ಲ್ಯಾಪ್‌ಟಾಪಿಗೆ ಹೋಗುವ ಕೇಬಲನ್ನೂ ಹೊಸದಾಗಿ ಎಳೆದಿದ್ದರು. ಪ್ರತಿ ಸಲವೂ ಅವರು ಹೊರಡುವಾಗ ಇಂಟರ್ನೆಟ್ ಚೆನ್ನಾಗಿಯೇ ಇತ್ತು.

ಸಾರಕ್ಕಿ ಸಿಗ್ನಲ್ ದಾಟಿ, ಮಾರುಕಟ್ಟೆಯ ಹಿಂದಿನ ಕಿರಿದಾದ ಬೀದಿಯಲ್ಲಿ ಬೈಕ್ ನಿಲ್ಲಿಸಿದಾಗ ಒಂಬತ್ತು ಗಂಟೆ ದಾಟಿತ್ತು. ಹೊಸ್ತಿಲಲ್ಲೇ ಮನೆಯೊಡತಿ ಗೌರಮ್ಮ ನಿಂತಿದ್ದರು. ಅರವತ್ತು ದಾಟಿದವರು. ಅವರ ಮಾವನ ಕಾಲದಲ್ಲಿ ಈ ಮನೆಯ ಹಿಂದೆ ರಾಗಿ ಹೊಲವಿತ್ತಂತೆ. ಈಗ ಅಲ್ಲಿ ಮೂರು ಅಪಾರ್ಟ್‌ಮೆಂಟುಗಳಿವೆ. ಮಗ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದ. ಕೆಳಗೆ ಅವರ ಸಂಸಾರ, ಮಹಡಿಯಲ್ಲಿ ಬಾಡಿಗೆದಾರರು.

“ಮೂರನೇ ಸಲ ಬರ್ತಾ ಇದೀರಲ್ಲ ಸಾರ್. ಹೆಣ್ಣು ನೋಡೋಕೆ ಬರೋರೂ ಇಷ್ಟು ಸಲ ಬರಲ್ಲ,” ಎಂದರು. ಮುಖದಲ್ಲಿ ನಗುವಿರಲಿಲ್ಲ.

ಇಮ್ರಾನ್ ಚಪ್ಪಲಿ ಬಿಡುತ್ತಾ, “ಈ ಸಲ ಒಪ್ಕೊಂಡೇ ಹೋಗ್ತೀವಿ ಅಮ್ಮ,” ಎಂದರು. ಆಗ ಗೌರಮ್ಮ ಸ್ವಲ್ಪ ನಕ್ಕರು.

ಮಹಡಿಯಲ್ಲಿದ್ದ ಬಾಡಿಗೆದಾರರ ಹೆಸರು ಸುನೀತಾ. ಅವರ ಕೆಲಸ ಏನೆಂಬುದು ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಮನೆಯಿಂದ ಕೆಲಸ ಮಾಡುತ್ತಾರೆ’ ಎಂದಷ್ಟೇ ದೂರಿನಲ್ಲಿತ್ತು. ಅವರ ಕೋಣೆಯ ಒಂದು ಗೋಡೆಗೆ ಕಡು ನೀಲಿ ಪರದೆ, ಅದರ ಎದುರಿಗೆ ಒಂದು ಸ್ಟೂಲು, ಲ್ಯಾಪ್‌ಟಾಪ್, ಎರಡು ದೀಪ. ಅವರು ಸಂಜ್ಞಾ ಭಾಷೆಯ ದುಭಾಷಿ. ಕಿವಿ ಕೇಳಿಸದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ವಿಡಿಯೊ ಕರೆಯಲ್ಲಿ ಇವರು ಜೊತೆಯಾಗುತ್ತಾರೆ. ವೈದ್ಯರ ಅಥವಾ ಗುಮಾಸ್ತರ ಮಾತನ್ನು ಕೈಯಲ್ಲಿ ಹೇಳುತ್ತಾರೆ, ಕಿವಿ ಕೇಳಿಸದವರ ಕೈಯ ಮಾತನ್ನು ದನಿಯಲ್ಲಿ ಹೇಳುತ್ತಾರೆ.

ಅಂದು ಹನ್ನೊಂದು ಗಂಟೆಗೆ ಅಂಥದೊಂದು ಕರೆ ಇತ್ತು. ಬೇರೆ ಜಿಲ್ಲೆಯ ಒಂದು ಆಸ್ಪತ್ರೆ. ಅಲ್ಲಿ ಕಿವಿ ಕೇಳಿಸದ, ಮಾತು ಬಾರದ ಒಬ್ಬ ಟೈಲರ್ ದಾಖಲಾಗಿದ್ದರು. ಅವರಿಗೆ ಆಗಬೇಕಿದ್ದ ಆಪರೇಷನ್ ಎಂಥದ್ದು, ಅದರ ಅಪಾಯವೇನು, ಆಮೇಲೆ ಏನಾಗಬಹುದು ಎಂಬುದನ್ನು ಸರ್ಜನ್ ವಿವರಿಸಬೇಕು, ಟೈಲರ್ ಒಪ್ಪಿ ಸಹಿ ಹಾಕಬೇಕು. ಹಿಂದಿನ ವಾರ ಇದೇ ಕರೆ ನಡುವೆಯೇ ಕಡಿದುಹೋಗಿ ಮುಂದಕ್ಕೆ ಹೋಗಿತ್ತು. ಆ ಸರ್ಜನ್ ಬರುವುದು ವಾರದಲ್ಲಿ ಒಂದೇ ದಿನ.

ಮೊಬೈಲಿನಲ್ಲಿ ಮಾಡಬಹುದಲ್ಲ ಎಂದು ಕೇಳಿದೆ. ಪ್ರಯತ್ನಿಸಿದ್ದರಂತೆ. ಮೂರು ಕಡೆಯೂ ಮನೆಗಳು ಒತ್ತಿಕೊಂಡಿರುವ ಆ ಕೋಣೆಯಲ್ಲಿ ಸಿಗ್ನಲ್ ಒಂದೇ ಗೆರೆ ತೋರಿಸುತ್ತಿತ್ತು. ಮಾತಿನ ಕರೆಯಾದರೆ ಒಂದೆರಡು ಶಬ್ದ ಕಳೆದುಹೋದರೂ ಊಹಿಸಿಕೊಳ್ಳಬಹುದು. ಚಿತ್ರ ತಡವರಿಸಿದರೆ ಬೆರಳುಗಳು ಮಬ್ಬಾಗುತ್ತವೆ. ಬೆರಳು ಮಬ್ಬಾದರೆ ಮಾತೇ ಇಲ್ಲ. ಹೊರಗೆ ಕೂತು ಮಾಡುವಂತಿಲ್ಲ, ರೋಗಿಯ ವಿಷಯ.

“ಇವತ್ತೂ ಕಟ್ ಆದ್ರೆ ಏನಾಗುತ್ತೆ ಮೇಡಂ?” ಎಂದೆ.

“ಅವರಣ್ಣ ಇದಾರೆ. ನಾನೇ ಹೇಳಿ ಸೈನ್ ಹಾಕಿಸ್ತೀನಿ ಅಂದಿದಾರೆ. ಆಸ್ಪತ್ರೆಯೋರೂ ಇನ್ನು ಕಾಯಲ್ಲ,” ಎಂದರು. ಎರಡು ಬೆರಳು ಎತ್ತಿ ತೋರಿಸಿದರು: “ಅಣ್ಣಂಗೆ ಬರೋದು ಎರಡೇ ಸನ್ನೆ ಸಾರ್. ಊಟ ಆಯ್ತಾ, ಬಾ. ಅಷ್ಟೇ.”

ನನಗೆ ಆ ದಿನದ ಕೆಲಸ ಏನೆಂದು ಸ್ಪಷ್ಟವಾಯಿತು.

ಯಾವಾಗಿನಿಂದ ಹೀಗಾಗುತ್ತಿದೆ ಎಂದು ಕೇಳಿದೆ. ಹಾಕಿಸಿದ ಮೇಲೆ ಒಂದು ತಿಂಗಳು ಒಂದು ಕ್ಷಣವೂ ನಿಂತಿರಲಿಲ್ಲ ಎಂದರು ಸುನೀತಾ. ಹಳೆಯ ಕೇಬಲ್ ಸಂಪರ್ಕಕ್ಕೂ ಇದಕ್ಕೂ ಅಜಗಜಾಂತರ ಎಂದು ಗೌರಮ್ಮನವರಿಗೂ ಹೇಳಿದ್ದರಂತೆ. ದಸರಾ ರಜೆಗೆ ತುಮಕೂರಿಗೆ ಹೋಗಿ ಬಂದ ದಿನದಿಂದ ತೊಂದರೆ ಶುರುವಾಗಿತ್ತು. ಇದಕ್ಕೆ ಇಂಥದೇ ಹೊತ್ತು ಎಂದಿರಲಿಲ್ಲ. ಕೆಲವು ದಿನ ಏನೂ ಇಲ್ಲ, ಕೆಲವು ದಿನ ಗಂಟೆಗೊಮ್ಮೆ.

ಇಲ್ಲಿ ಆ ಮನೆಯ ಜೋಡಣೆಯ ಬಗ್ಗೆ ಒಂದು ಮಾತು ಹೇಳಬೇಕು. ಬೀದಿಯ ಕಂಬದಿಂದ ಬರುವ ಫೈಬರ್ ಮೊದಲು ಒಂದು ಸಣ್ಣ ಬಿಳಿ ಪೆಟ್ಟಿಗೆಗೆ ಸೇರುತ್ತದೆ. ಅದನ್ನು ಒಎನ್‌ಟಿ ಎನ್ನುತ್ತಾರೆ. ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಅದರ ಕೆಲಸ. ಅಲ್ಲಿಂದ ರೌಟರಿಗೆ, ರೌಟರಿನಿಂದ ಲ್ಯಾಪ್‌ಟಾಪಿಗೆ. ಈ ಮನೆಯಲ್ಲಿ ಒಎನ್‌ಟಿ ಇದ್ದದ್ದು ಕೆಳಗೆ, ಗೌರಮ್ಮನವರ ಹಜಾರದಲ್ಲಿ, ಟೀವಿ ಸ್ಟ್ಯಾಂಡಿನ ಮೇಲೆ. ರೌಟರ್ ಮಾತ್ರ ಮಹಡಿಯಲ್ಲಿ. ದೂರಿನಲ್ಲಿ ರೌಟರ್ ಎಂದು ಬರೆದಿತ್ತು, ಆದ್ದರಿಂದ ಬಂದವರೆಲ್ಲ ಮಹಡಿಗೇ ಹತ್ತಿದ್ದರು. ಕೆಳಗಿನವರು ನೋಡುತ್ತಿದ್ದದ್ದು ಕೇಬಲ್ ಟೀವಿ. ಇಂಟರ್ನೆಟ್ ನಿಂತದ್ದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.

ನಾವು ಕೆಳಗಿಳಿದೆವು. ಒಎನ್‌ಟಿಯ ದೀಪಗಳು ಹಸಿರಾಗಿದ್ದವು. ಇಮ್ರಾನ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಗೌರಮ್ಮ ಕನ್ನಡಕ ತೆಗೆದುಕೊಳ್ಳಲು ಟೀವಿ ಸ್ಟ್ಯಾಂಡಿನ ಡ್ರಾಯರ್ ಎಳೆದರು. ಅದು ಬಿಗಿಯಾಗಿತ್ತು, ಒಂದು ಜಗ್ಗಿಗೆ ಬಂತು. ಸ್ಟ್ಯಾಂಡು ಅಲುಗಿತು. ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿ ಮಿನುಗಿತು. ಮೇಲಿನಿಂದ ಸುನೀತಾ ದನಿ ಕೇಳಿಸಿತು: “ಹೋಯ್ತು ಸಾರ್.”

ಒಂದೆರಡು ನಿಮಿಷಕ್ಕೆ ಮತ್ತೆ ಹಸಿರು ಬಂತು. ಇಮ್ರಾನ್ ಡ್ರಾಯರನ್ನು ಮೆಲ್ಲಗೆ ಮುಚ್ಚಿ ಜೋರಾಗಿ ಎಳೆದರು. ಮತ್ತೆ ಕೆಂಪು. ಕೆಂಪು ದೀಪವೆಂದರೆ ಬೆಳಕು ಬರುತ್ತಿಲ್ಲ ಎಂದರ್ಥ. ಹಾಗಾದರೆ ಮಹಡಿಯ ರೌಟರಿನಲ್ಲಿ ತಪ್ಪೇನೂ ಇರಲಿಲ್ಲ. ಮೊದಲ ರೌಟರಿನಲ್ಲೂ ಇರಲಿಲ್ಲ.

ಬೆಳಕಿನ ಬಲವನ್ನು ಅಳೆಯಲು ಪವರ್ ಮೀಟರ್ ಇದೆ. ಅದು ಮೈನಸ್ ಅಂಕಿಗಳಲ್ಲಿ ಹೇಳುತ್ತದೆ. ಮೈನಸ್ ಹೆಚ್ಚಾದಷ್ಟೂ ಬೆಳಕು ಕ್ಷೀಣ. ಸೆಪ್ಟೆಂಬರಿನಲ್ಲಿ ಇಮ್ರಾನ್ ಅಳೆದಾಗ ಮೈನಸ್ ಹತ್ತೊಂಬತ್ತು ಇತ್ತು. ಮೈನಸ್ ಇಪ್ಪತ್ತೇಳನ್ನು ದಾಟಿದರೆ ಪೆಟ್ಟಿಗೆಯ ಕಣ್ಣು ಕಾಣುವುದಿಲ್ಲ. ಈಗ ಕಚೇರಿಗೆ ಫೋನ್ ಮಾಡಿ ಆ ಪೆಟ್ಟಿಗೆಗೆ ಎಷ್ಟು ಬೆಳಕು ಬರುತ್ತಿದೆ ಎಂದು ಕೇಳಿದೆ. ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತಾರು ಎಂದು ತೂಗಾಡುತ್ತಿದೆ ಎಂದರು. ಅಂಚಿನ ಮೇಲೆ ನಡೆಯುತ್ತಿತ್ತು. ಇಮ್ರಾನ್ ಹೊರಗೆ ಹೋಗಿ, ಗೋಡೆಯ ಮೇಲಿನ ಜೋಡಣೆಯಲ್ಲಿ ಮೀಟರ್ ಹಿಡಿದು ನೋಡಿದರು. ಅಲ್ಲಿ ಬೆಳಕು ಚೆನ್ನಾಗಿತ್ತು. ಅಲ್ಲಿಂದ ಹಜಾರಕ್ಕೆ ಬರುವ ಫೈಬರ್ ಎಲ್ಲೂ ಮಡಚಿರಲಿಲ್ಲ, ಇಲಿ ಕಡಿದಿರಲಿಲ್ಲ. ಉಳಿದದ್ದು ಪೆಟ್ಟಿಗೆಗೆ ಚುಚ್ಚುವ ಹಸಿರು ಕನೆಕ್ಟರ್ ಒಂದೇ.

ಇಮ್ರಾನ್ ಅದನ್ನು ಬಿಚ್ಚಿ, ಸ್ಕೋಪ್ ಎನ್ನುವ ಕೈಹಿಡಿ ಸೂಕ್ಷ್ಮದರ್ಶಕಕ್ಕೆ ತುದಿಯನ್ನು ಕೊಟ್ಟರು. ಫೈಬರ್ ಕೂದಲಿನಂಥ ಗಾಜಿನ ಎಳೆ. ಅದರ ನಡುವೆ ಬೆಳಕು ಹೋಗುವ ದಾರಿ ಇನ್ನೂ ಸಣ್ಣದು, ಕೂದಲಿನ ಹತ್ತನೇ ಒಂದು ಭಾಗದಷ್ಟು. ಶುದ್ಧವಾಗಿದ್ದರೆ ಪರದೆಯ ಮೇಲೆ ನಯವಾದ ಬೂದು ಬಿಲ್ಲೆಯೊಂದು ಕಾಣುತ್ತದೆ. ನಮಗೆ ಕಂಡದ್ದು ಭೂಪಟದ ಖಂಡಗಳಂತೆ ಹರಡಿದ್ದ ಕಪ್ಪು ಗಡ್ಡೆಗಳು. ಇಷ್ಟು ವರ್ಷಗಳಲ್ಲಿ ಧೂಳು, ಬೆವರು, ಎಣ್ಣೆ ಎಲ್ಲವನ್ನೂ ನೋಡಿದ್ದೆ. ಇಂಥದ್ದನ್ನು ನೋಡಿರಲಿಲ್ಲ.

ಇಮ್ರಾನ್ ತುದಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಬಿಳಿ ಸೆರಾಮಿಕ್ ಮೂತಿಯ ಸುತ್ತ ಸಣ್ಣದೊಂದು ಕೆಂಪು ಉಂಗುರ. ಅವರು ದನಿ ತಗ್ಗಿಸಿ, “ಸಾರ್, ಇದು ಕುಂಕುಮ,” ಎಂದರು.

ಹಿಂದಿನ ಎರಡು ಸಲವೂ ನಮ್ಮವರು ಗೌರಮ್ಮನವರನ್ನು ಕೇಳಿದ್ದರು, ಪೆಟ್ಟಿಗೆಯನ್ನು ಯಾರಾದರೂ ಮುಟ್ಟಿದ್ದೀರಾ ಎಂದು. ಇಲ್ಲ ಎಂದಿದ್ದರು. ಅದೇ ಪ್ರಶ್ನೆಯನ್ನು ನಾನೂ ಕೇಳಿದ್ದರೆ ಅದೇ ಉತ್ತರ ಬರುತ್ತಿತ್ತು. ನಾನು ಬೇರೆ ಕೇಳಿದೆ. ಆಯುಧ ಪೂಜೆಯ ದಿನ ಮನೆಯಲ್ಲಿ ಏನೇನಾಯಿತು, ಬೆಳಿಗ್ಗೆಯಿಂದ ಹೇಳಿ ಎಂದೆ.

ಗೌರಮ್ಮ ಸಂತೋಷದಿಂದಲೇ ಹೇಳತೊಡಗಿದರು. ಮಗನ ಕಾರು, ಸ್ಕೂಟರು, ಸಂಪಿನ ಮೋಟರು, ಗ್ರೈಂಡರು, ಅಟ್ಟದ ಮೇಲಿದ್ದ ಮಾವನ ಕಾಲದ ಕುಡುಗೋಲು, ಎಲ್ಲವನ್ನೂ ಒರೆಸಿ, ಗಂಧದಲ್ಲಿ ಕುಂಕುಮ ಕಲಸಿ ಬೊಟ್ಟಿಟ್ಟಿದ್ದರು. ಆ ವರ್ಷ ಮನೆಗೆ ಹೊಸದಾಗಿ ಬಂದದ್ದು ಈ ಪೆಟ್ಟಿಗೆ. ಮಹಡಿಯ ಹುಡುಗಿಯ ಅನ್ನದ ಸಾಧನ. ಅವಳು ಊರಿಗೆ ಹೋಗಿದ್ದಾಳೆ, ಅವಳ ಪರವಾಗಿ ಇದಕ್ಕೂ ಪೂಜೆಯಾಗಲಿ ಎಂದುಕೊಂಡರಂತೆ.

“ಪೆಟ್ಟಿಗೆ ಮೇಲೆ ಬೊಟ್ಟು ಕಾಣ್ತಿಲ್ವಲ್ಲಮ್ಮ,” ಎಂದರು ಇಮ್ರಾನ್.

“ಮೇಲ್ಯಾಕೆ ಇಡ್ಲಿ? ನೇಗಿಲಿಗೆ ಪೂಜೆ ಮಾಡುವಾಗ ಕೈಲಿ ಹಿಡಿಯೋ ಮೇಣಿಗೆ ಬೊಟ್ಟಿಟ್ರೆ ನಮ್ಮ ಮಾವ ಬಯ್ಯೋರು. ನೆಲ ಸೀಳೋದು ಗುಳ, ಗುಳಕ್ಕೆ ಇಡಮ್ಮ ಅನ್ನೋರು. ಕೆಲಸ ಮಾಡೋ ತುದಿಗೇ ಇಡ್ಬೇಕು.” ಅವರು ಇಮ್ರಾನ್ ಕಡೆ ತಿರುಗಿದರು. “ನೀನೇ ಅಲ್ವೇನಪ್ಪ ಅವತ್ತು ಹೇಳಿದ್ದು? ಟೋಪಿ ತೆಗೆದು ತೋರಿಸಿ, ಅಮ್ಮ, ಎಲ್ಲಾ ಇರೋದು ಈ ತುದೀಲೇ ಅಂತ?”

ಇಮ್ರಾನ್ ಹೇಳಿದ್ದು ನಿಜ. ಸೆಪ್ಟೆಂಬರಿನಲ್ಲಿ, ತುದಿಯ ರಕ್ಷಣೆಗೆ ಹಾಕುವ ಸಣ್ಣ ಪ್ಲಾಸ್ಟಿಕ್ ಟೋಪಿಯನ್ನು ತೆಗೆಯುವಾಗ, ಪಕ್ಕದಲ್ಲಿ ನಿಂತು ಕುತೂಹಲದಿಂದ ಕೇಳಿದ ಮನೆಯೊಡತಿಗೆ ಅವರು ಹಾಗೆ ವಿವರಿಸಿದ್ದರು. ಅವರು ಕನೆಕ್ಟರನ್ನು ಹೇಗೆ ಒತ್ತಿ ಚುಚ್ಚಿದರು ಎಂಬುದನ್ನೂ ಗೌರಮ್ಮ ನೋಡಿಕೊಂಡಿದ್ದರು. ಹಬ್ಬದ ದಿನ ಹಾಗೆಯೇ ಬಿಚ್ಚಿ, ಆ ತುದಿಗೆ ಬೊಟ್ಟಿಟ್ಟು, ಹಾಗೆಯೇ ಚುಚ್ಚಿದ್ದರು. ಹಸಿಯಿದ್ದಾಗ ಬೆಳಕು ಹೇಗೋ ದಾಟಿತ್ತು. ಒಣಗಿದ ಮೇಲೆ ಗಂಧ ಗಟ್ಟಿಯಾಗಿ, ಪುಡಿ ಅಲುಗಿದಾಗಲೆಲ್ಲ ದಾರಿ ಮುಚ್ಚುತ್ತಿತ್ತು. ಯಾರಾದರೂ ಮುಟ್ಟಿದಿರಾ ಎಂಬ ಪ್ರಶ್ನೆಗೆ ಅವರು ಇಲ್ಲ ಎಂದದ್ದರಲ್ಲಿ ಸುಳ್ಳಿರಲಿಲ್ಲ. ಆ ಪ್ರಶ್ನೆ ಕೇಳಿದ್ದು ಕೆಡಿಸಿದವರನ್ನು. ಅವರು ಮಾಡಿದ್ದು ಪೂಜೆ.

ವಿಷಯ ಅವರಿಗೆ ಅರ್ಥವಾದದ್ದು ಸ್ಕೋಪಿನ ಪರದೆಯನ್ನು ತೋರಿಸಿದಾಗ. ಬಹಳ ಹೊತ್ತು ನೋಡಿದರು. ಮಹಡಿಯ ಮೆಟ್ಟಿಲಲ್ಲಿ ಸುನೀತಾ ಬಂದು ನಿಂತಿದ್ದರು. ಗೌರಮ್ಮನವರ ಮುಖ ಸಣ್ಣದಾಯಿತು.

“ಆಂಟಿ, ನನಗೋಸ್ಕರ ತಾನೇ ಇಟ್ಟಿದ್ದು,” ಎಂದರು ಸುನೀತಾ.

ಹತ್ತು ಗಂಟೆ ಹೊಡೆದಾಗಿತ್ತು. ಶುದ್ಧ ಮಾಡುವ ಪೆನ್ನಿನಿಂದ ಇಮ್ರಾನ್ ತುದಿಯನ್ನು ಉಜ್ಜಿದರು, ಸ್ಪಿರಿಟ್ ಹಾಕಿ ಒರೆಸಿದರು. ಗಡ್ಡೆಗಳು ಹೋದವು, ಆದರೆ ಗಾಜಿನ ಮುಖದ ಮೇಲೆ ಗೀರುಗಳು ಉಳಿದವು. ತುದಿಯನ್ನು ಒಳಗೆ ಒತ್ತಿದಾಗ ಪೆಟ್ಟಿಗೆಯ ಒಳಗಿನ ಕಿಂಡಿಗೂ ಗಂಧ ಮೆತ್ತಿತ್ತು. ಬೆಳಕು ಮೈನಸ್ ಇಪ್ಪತ್ನಾಲ್ಕಕ್ಕೆ ಬಂದು ನಿಂತಿತು. ಅದರಲ್ಲೇ ಕರೆ ನಡೆದರೂ ನಡೆಯಬಹುದಿತ್ತು. ನಡೆಯಬಹುದು ಎಂಬ ಮಾತಿನ ಮೇಲೆ ಆ ಕರೆಯನ್ನು ಬಿಡಲು ನಾನು ಸಿದ್ಧನಿರಲಿಲ್ಲ. ಹಳೆಯ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಕಟ್ಟುವುದು, ಪೆಟ್ಟಿಗೆಯನ್ನೂ ಬದಲಿಸುವುದು ಎಂದು ತೀರ್ಮಾನಿಸಿದೆವು. ಹೊಸ ಪೆಟ್ಟಿಗೆ ನಮ್ಮ ಚೀಲದಲ್ಲಿತ್ತು.

ಕತ್ತರಿ ಎತ್ತಿಕೊಂಡ ಇಮ್ರಾನ್ ಕೈ ತಡೆಯಿತು. ಅವರು ಗೌರಮ್ಮನವರ ಮುಖ ನೋಡಿದರು. ಹಬ್ಬದ ಬೊಟ್ಟಿಟ್ಟ ತುದಿ. ಅವರ ಅನುಮತಿ ಬೇಕು ಎಂದು ನಮ್ಮಿಬ್ಬರಿಗೂ ಒಟ್ಟಿಗೇ ಅನಿಸಿತ್ತು.

“ಕತ್ತರಿಸಪ್ಪ,” ಎಂದರು ಅವರು. “ಸವೆದ ಗುಳಾನೂ ಬದಲಾಯಿಸ್ತಿದ್ವಿ. ಆದ್ರೆ ಆ ತುಂಡು ಕಸಕ್ಕೆ ಹಾಕ್ಬೇಡ, ನನ್ನ ಕೈಗೆ ಕೊಡು.”

ಕತ್ತರಿಸುವಾಗ ಸಿಡಿಯುವ ಗಾಜಿನ ಚೂರು ಚರ್ಮಕ್ಕೆ ಅಪಾಯ. ಅದನ್ನು ಇಮ್ರಾನ್ ತಮ್ಮ ಡಬ್ಬಿಗೆ ಹಾಕಿಕೊಂಡು, ಹಸಿರು ತುಂಡಿಗೆ ಟೇಪ್ ಸುತ್ತಿ ಅವರ ಅಂಗೈ ಮೇಲಿಟ್ಟರು. ಗೌರಮ್ಮ ಅದನ್ನು ಅಂಗಳದ ತುಳಸಿ ಕುಂಡದ ಬುಡದಲ್ಲಿ ಹುಗಿದು ಕೈತೊಳೆದು ಬಂದರು.

ಹೊಸ ಕನೆಕ್ಟರ್ ಮೊದಲ ಸಲಕ್ಕೇ ಕೂತಿತು. ಹೊಸ ಪೆಟ್ಟಿಗೆಯನ್ನು ಕಚೇರಿಯ ಗಣಕದಲ್ಲಿ ನೋಂದಾಯಿಸದೆ ಅದು ಕೆಲಸ ಮಾಡುವುದಿಲ್ಲ. ಸೀರಿಯಲ್ ಸಂಖ್ಯೆಯನ್ನು ಫೋನಿನಲ್ಲಿ ಒಂದೊಂದೇ ಅಕ್ಷರವಾಗಿ ಓದಿ ಹೇಳಿದೆ. ಕಚೇರಿಯಲ್ಲಿದ್ದ ಸಹೋದ್ಯೋಗಿ ಒಂದು ಅಕ್ಷರವನ್ನೂ ತಪ್ಪದೆ ಬರೆದುಕೊಂಡರು. ಕೆಂಪು ದೀಪ ಆರಿತು. ಹಸಿರು ಮಿನುಗಿ ಮಿನುಗಿ ಸ್ಥಿರವಾಯಿತು. ಮೈನಸ್ ಹತ್ತೊಂಬತ್ತು. ಇಮ್ರಾನ್ ಡ್ರಾಯರನ್ನು ಹಿಡಿದು, ಸ್ಟ್ಯಾಂಡು ಗಡಗಡ ಎನ್ನುವಷ್ಟು ಜೋರಾಗಿ ನಾಲ್ಕಾರು ಸಲ ಎಳೆದು ಮುಚ್ಚಿದರು. ಹಸಿರು ಹಸಿರಾಗಿಯೇ ಇತ್ತು.

ಸುನೀತಾ ಮೇಲೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಕರೆ ಮುಗಿಯುವವರೆಗೆ ಇರುತ್ತೇವೆ ಎಂದು ನಾವು ಹೇಳಿದ್ದೆವು. ಗೌರಮ್ಮ ಟೀವಿ ಹಾಕಲಿಲ್ಲ. ಕಾಫಿ ಕೊಟ್ಟು, ಮೆಟ್ಟಿಲ ಬುಡದಲ್ಲಿ ಕೂತರು.

ಸಂಜ್ಞಾ ಭಾಷೆಯ ಕರೆ ಕೆಳಗಿದ್ದವರಿಗೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ವೈದ್ಯರು ಹೇಳುವುದು ಸುನೀತಾರ ಹೆಡ್‌ಫೋನಿಗೆ ಬರುತ್ತದೆ; ಅವರು ಅದನ್ನು ಕೈಯಲ್ಲಿ ಹೇಳುತ್ತಾರೆ. ಆದ್ದರಿಂದ ನಮಗೆ ಕೇಳಿಸಿದ್ದು ಮೌನ. ಕರೆ ನಡೆಯುತ್ತಿದೆಯೋ ಕಡಿದುಹೋಗಿದೆಯೋ ತಿಳಿಯುವಂತಿರಲಿಲ್ಲ. ಇಮ್ರಾನ್ ಹಸಿರು ದೀಪದಿಂದ ಕಣ್ಣು ತೆಗೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಮೇಲಿನಿಂದ ಸುನೀತಾರ ದನಿ ಬಂತು, ನಿಧಾನವಾಗಿ, ಸ್ಪಷ್ಟವಾಗಿ: “ಆಪರೇಷನ್ ಆದ್ಮೇಲೆ ನಾನು ಮತ್ತೆ ಮಷಿನ್ ತುಳಿಬಹುದಾ ಡಾಕ್ಟ್ರೇ?”

ಗೌರಮ್ಮ ಬೆಚ್ಚಿ ನನ್ನ ಕಡೆ ನೋಡಿದರು. “ಇವಳಿಗ್ಯಾತರ ಆಪರೇಷನ್ನು?”

ಅದು ಟೈಲರ್ ಕೇಳಿದ ಪ್ರಶ್ನೆ ಎಂದು ಹೇಳಿದೆ. ದುಭಾಷಿಗಳು ‘ಅವರು ಕೇಳುತ್ತಿದ್ದಾರೆ’ ಎನ್ನುವುದಿಲ್ಲ, ‘ನಾನು’ ಎಂದೇ ಹೇಳುತ್ತಾರೆ ಎಂದು ಸುನೀತಾ ಬೆಳಿಗ್ಗೆ ನನಗೆ ತಿಳಿಸಿದ್ದರು. ಗೌರಮ್ಮ ತಲೆಯಾಡಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ಉಳಿದದ್ದು ನಾವು ಕೇಳಬಾರದ್ದು. ನಾನೂ ಇಮ್ರಾನೂ ಎದ್ದು ಗೇಟಿನ ಹತ್ತಿರ ಹೋಗಿ ನಿಂತೆವು.

ಕರೆ ಪೂರ್ತಿಯಾಗಿ ನಡೆಯಿತು. ಸುನೀತಾ ಕೆಳಗಿಳಿದು ಬಂದಾಗ ಮುಖದಲ್ಲಿ ದಣಿವಿತ್ತು. ಟೈಲರ್ ಬಹಳ ಪ್ರಶ್ನೆ ಕೇಳಿದರಂತೆ, ಎಲ್ಲಕ್ಕೂ ಉತ್ತರ ಸಿಕ್ಕಿತಂತೆ, ಆಮೇಲೆ ತಾವೇ ಪೆನ್ನು ಕೇಳಿ ಪಡೆದು ಸಹಿ ಹಾಕಿದರಂತೆ. ಇಷ್ಟನ್ನು ಇಲ್ಲಿ ಬರೆಯುತ್ತಿರುವುದು ಆ ಟೈಲರ್ ಮುಂದೆ ಸುನೀತಾರ ಮೂಲಕ ಕೊಟ್ಟ ಒಪ್ಪಿಗೆಯಿಂದ.

ಹೊರಡುವಾಗ ಗೌರಮ್ಮ ಕುಂಕುಮದ ಬಟ್ಟಲು ತಂದರು. ಎಲ್ಲಿಡಲಿ ಎಂದು ಇಮ್ರಾನರನ್ನು ಕೇಳಿದರು. ಇಮ್ರಾನ್ ಹೊಸ ಪೆಟ್ಟಿಗೆಯ ಮುಚ್ಚಳದ ಮೇಲೆ, ಗಾಳಿಯ ಕಿಂಡಿಗಳಿಂದ ದೂರ, ಬೆರಳಿಟ್ಟು ತೋರಿಸಿದರು. ಅಲ್ಲಿ ಇಟ್ಟರು.

ಆಮೇಲೆ ನಮ್ಮ ಕಂಪನಿಯಲ್ಲಿ ಎರಡು ಬದಲಾವಣೆಗಳಾದವು. ಹೊಸ ಸಂಪರ್ಕ ಕೊಟ್ಟವರು ಎದ್ದು ಬರುವ ಮೊದಲು ಪೆಟ್ಟಿಗೆಯ ಮೇಲ್ಭಾಗವನ್ನು ತೋರಿಸಿ, ಹಬ್ಬಕ್ಕೆ ಬೊಟ್ಟಿಡುವುದಾದರೆ ಇಲ್ಲಿಡಿ ಎಂದು ಹೇಳಿಬರುತ್ತಾರೆ. ದೂರಿಗೆ ಹೋದವರು ‘ಏನಾದರೂ ಮಾಡಿದಿರಾ’ ಎಂದು ಕೇಳುವುದಿಲ್ಲ. ಚೆನ್ನಾಗಿದ್ದ ಕೊನೆಯ ದಿನದಿಂದ ಇವತ್ತಿನವರೆಗೆ ಮನೆಯಲ್ಲಿ ಏನೇನು ನಡೆಯಿತು ಎಂದು ಕೇಳುತ್ತಾರೆ. ಸುದ್ದಿಮನೆಯಲ್ಲಿ ಕೇಳಿಸಿಕೊಂಡಿದ್ದ ಮಾತಿನ ಪೂರ್ತಿ ಬೆಲೆ ನನಗೆ ತಿಳಿದದ್ದು ಆ ಹಜಾರದಲ್ಲಿ. ಹಬ್ಬದ ದಿನದ ಒಂದೊಂದು ವಿವರವನ್ನೂ ಮುಚ್ಚಿಡದೆ ಹೇಳಿದ ಗೌರಮ್ಮನವರಿಗೆ, ಕತ್ತರಿಸುವ ಮೊದಲು ಕೈ ತಡೆದ ಇಮ್ರಾನರಿಗೆ ನಾನು ಋಣಿ. ಯಂತ್ರ ಗೊತ್ತಿದ್ದ ಮಾತ್ರಕ್ಕೆ ಆ ಬೆಳಿಗ್ಗೆ ದಾಟುತ್ತಿರಲಿಲ್ಲ.

ಟೈಲರಿಗೆ ಅದೇ ತಿಂಗಳು ಆಪರೇಷನ್ ಆಯಿತು. ಮುಂದಿನ ದಸರೆಯ ಹಿಂದಿನ ದಿನ ಗೌರಮ್ಮ ನನಗೆ ಫೋನ್ ಮಾಡಿ, “ಬೊಟ್ಟು ಮೇಲೇ ಇಡ್ತೀನಿ, ನೀವೇನೂ ಯೋಚ್ನೆ ಮಾಡ್ಬೇಡಿ,” ಎಂದರು. ನಾನು ಈಗ ಆ ಕೆಲಸದಲ್ಲಿಲ್ಲ. ಇಮ್ರಾನ್ ಇದ್ದಾರೆ. ಆ ಮನೆಯಿಂದ ಮತ್ತೆ ದೂರು ಬಂದಿಲ್ಲ.

2025ರ ಆಯುಧ ಪೂಜೆಯ ದಿನ ಟೈಲರ್ ಸುನೀತಾರಿಗೆ ಒಂದು ಸಣ್ಣ ವಿಡಿಯೊ ಕಳಿಸಿದರು. ಸುನೀತಾ ಅದನ್ನು ಕೆಳಗಿನ ಹಜಾರಕ್ಕೆ ತಂದು ಗೌರಮ್ಮನವರಿಗೆ ತೋರಿಸಿ, ನನಗೂ ಕಳಿಸಿದರು. ಅದರಲ್ಲಿ ಒಂದು ಹೊಲಿಗೆ ಮಷಿನ್ ಇದೆ. ಮಷಿನ್ನಿಗೆ ಸೇವಂತಿಗೆ ಹಾರ ಹಾಕಿದೆ. ಕುಂಕುಮ ಸೂಜಿಯ ತುದಿಗಿದೆ.